ಡಿಕ್ಕಿಗೆ ಹಿಡಿಸಿದ ಕುರ್ಚಿ

ಮೈಸೂರು, ಬೆಂಗಳೂರಿನಿಂದ ಮಕ್ಕಳ ಮನೆಗೆ ಬರುವ ಅಮ್ಮಂದಿರು ಶಿಕಾಗೊದ ಓಹೇರ್ ವಿಮಾನ ನಿಲ್ದಾಣದಲ್ಲಿ ಹೊರಗೆ ಬರುವ ಚಂದವನ್ನು ನೋಡಬೇಕು. ಸಾಲಾಗಿ ವೀಲ್‌ಚೇರುಗಳು. ಒಂದೊಂದರಲ್ಲೂ ಸೀರೆಯ ಮೇಲೆ ಸ್ವೆಟರು ತೊಟ್ಟ ಒಬ್ಬೊಬ್ಬ ಮಹಾರಾಣಿ, ತೊಡೆಯ ಮೇಲೆ ಚಟ್ನಿಪುಡಿಯ ಚೀಲ. ಮಗ ಕಣ್ಣಿಗೆ ಬಿದ್ದದ್ದೇ ತಡ, ಮಹಾರಾಣಿ ಪಟ್ಟನೆ ಎದ್ದು ನಡೆದುಕೊಂಡೇ ಬಂದುಬಿಡುತ್ತಾಳೆ. ತಳ್ಳಿಕೊಂಡು ಬಂದವನು ಈ ಪವಾಡವನ್ನು ದಿನವೂ ನೋಡುವವನಾದ್ದರಿಂದ ಕಣ್ಣು ಕೂಡ ಮಿಟುಕಿಸುವುದಿಲ್ಲ. ಇವರಾರೂ ಕಾಲುನೋವೆಂದು ಕುರ್ಚಿ ಹತ್ತಿದವರಲ್ಲ, ಇಮಿಗ್ರೇಷನ್ ಕೌಂಟರಿನ ಇಂಗ್ಲಿಷಿಗೆ ಹೆದರಿ ಹತ್ತಿದವರು. ಟಿಕೆಟ್ ತೆಗೆಯುವಾಗಲೇ ಮಗ 'ವೀಲ್‌ಚೇರ್ ಬೇಕು' ಎಂಬಲ್ಲಿ ಟಿಕ್ ಹಾಕಿರುತ್ತಾನೆ. ನಾನೂ ಹಾಕಿದ್ದೆ.

ಅದು ಮಂಡಿಗೆ ಕೇಳಿಸಿತೋ ಏನೋ. ಕುಕ್ಕರಹಳ್ಳಿ ಕೆರೆಯನ್ನು ದಿನಾ ಬೆಳಿಗ್ಗೆ ಸುತ್ತುತ್ತಿದ್ದ ಅಮ್ಮ, ಡೆವನ್ ಅವೆನ್ಯೂದ ತರಕಾರಿ ಅಂಗಡಿಯಲ್ಲಿ ಹಾಗಲಕಾಯಿ ಆರಿಸುತ್ತಾ ನಿಂತವಳು, "ಯಾಕೋ ಕಾಲು ಎತ್ತಕ್ಕೇ ಆಗ್ತಿಲ್ಲ ಕಣೋ" ಎಂದಳು. ಡಾಕ್ಟರು ಸವೆದ ಮಂಡಿಯ ಎಕ್ಸ್‌ರೇ ತೋರಿಸಿ, ಮನೆಯೊಳಗೆ ಓಡಾಡಲಿ, ದೂರ ನಡೆಸಬೇಡಿ ಎಂದರು. ನಾನೋ ಅಷ್ಟು ಹೊತ್ತಿಗೆ ಲೆಮಾಂಟ್ ದೇವಸ್ಥಾನ, ಮಿಶಿಗನ್‌ನ ನೋವೈಯಲ್ಲಿರುವ ಅಕ್ಕನ ಮನೆ, ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂ ಎಂದು ಪಟ್ಟಿ ಮಾಡಿ, ರಜೆಗೂ ಹಾಕಿಯಾಗಿತ್ತು. ಹೀಗಾಗಿ ವೀಲ್‌ಚೇರು. ಅದೂ ಮಡಚುವಂಥದ್ದು, ಹಗುರವಾದದ್ದು, ನನ್ನ ಕಾರಿನ ಡಿಕ್ಕಿಯಲ್ಲಿ ಕೂರುವಂಥದ್ದು.

ಅಕ್ಕನಿಗೆ ಹೇಳಿದ್ದು ಭಾವನಿಗೆ ಕೇಳಿಸಿತು. ಭಾವ ಡೆಟ್ರಾಯಿಟ್‌ನ ಕಾರು ಕಂಪನಿಯೊಂದರಲ್ಲಿ ಸಸ್ಪೆನ್ಷನ್ ಎಂಜಿನಿಯರು. ಗಾಲಿಯಿರುವ ಯಾವ ವಸ್ತುವಿನ ಹೆಸರನ್ನೂ ಅವರ ಮುಂದೆ ಎತ್ತಬಾರದು. ಮಗುವಿನ ತಳ್ಳುಗಾಡಿ ಕೊಳ್ಳುವಾಗ ನಾವು ಅನುಭವಿಸಿದ್ದೆವು. ಅವತ್ತೇ ರಾತ್ರಿ ಒಂದು ಎಕ್ಸೆಲ್ ಹಾಳೆ ಬಂತು. ತೂಕ, ಮಡಚಿದಾಗಿನ ಅಗಲ, ಮುಂದಿನ ಗಾಲಿಯ ವ್ಯಾಸ, ತಿರುಗಲು ಬೇಕಾದ ಜಾಗ, ಎಲ್ಲಕ್ಕೂ ಒಂದೊಂದು ಕಾಲಂ. ನನ್ನ ಡಿಕ್ಕಿಯ ಅಳತೆ ಮಿಲಿಮೀಟರಿನಲ್ಲಿ ಬೇಕೆಂದರು. ರಾತ್ರಿ ಹನ್ನೊಂದಕ್ಕೆ ನಾನು ಟೇಪು ಹಿಡಿದು ಡಿಕ್ಕಿಯೊಳಗೆ ಮಲಗಿ ಅಳೆಯುತ್ತಿದ್ದಾಗ ಎದುರು ಮನೆಯಲ್ಲಿ ದೀಪ ಹೊತ್ತಿತು, ಪರದೆ ಸರಿಯಿತು. ಪೊಲೀಸರು ಬರಲಿಲ್ಲ ಎಂಬುದಷ್ಟೇ ಆ ಬೀದಿಯ ಒಳ್ಳೆಯತನ.

"ಮಡಚೋ ವೀಲ್‌ಚೇರು ಹುಟ್ಟಿದ್ದೇ ಕಾರಿಗೋಸ್ಕರ ಕಣಯ್ಯಾ" ಎಂದು ಭಾವ ಫೋನಿನಲ್ಲಿ ಪಾಠ ಶುರುಮಾಡಿದರು. ಹರ್ಬರ್ಟ್ ಎವರೆಸ್ಟ್ ಎಂಬ ಗಣಿ ಎಂಜಿನಿಯರು 1918ರ ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡ. ಆಗಿನ ಗಾಲಿಕುರ್ಚಿಗಳು ಮನೆಯ ಹೊಸಿಲು ದಾಟುವುದೇ ಕಷ್ಟ, ಕಾರಿಗಂತೂ ಹತ್ತುತ್ತಿರಲಿಲ್ಲ. ಗೆಳೆಯ ಹ್ಯಾರಿ ಜೆನಿಂಗ್ಸ್ ಕೂಡ ಎಂಜಿನಿಯರೇ. ಇಬ್ಬರೂ ಸೇರಿ 1933ರಲ್ಲಿ ಸೀಟಿನ ಕೆಳಗೆ ಎರಡು ಕೊಳವೆಗಳನ್ನು ಒಂದಕ್ಕೊಂದು ಅಡ್ಡ ಹಾಯಿಸಿ, ನಡುವೆ ಒಂದು ಬೋಲ್ಟು ಬಿಗಿದರು. ಸೀಟನ್ನು ಮೇಲಕ್ಕೆಳೆದರೆ ಎರಡು ಪಕ್ಕಗಳೂ ಒಳಕ್ಕೆ ಬರುತ್ತವೆ. 1937ರಲ್ಲಿ ಪೇಟೆಂಟೂ ಸಿಕ್ಕಿತು. ಇವತ್ತಿಗೂ ಅಂಗಡಿಯಲ್ಲಿ ನಿಂತಿರುವ ಹೆಚ್ಚಿನ ಕುರ್ಚಿಗಳ ಹೊಟ್ಟೆಯಡಿ ಅದೇ ಬೋಲ್ಟು.

ಬಾಕಿ ಉಳಿದದ್ದು ಒಂದೇ ಪ್ರಶ್ನೆ. ನಾಲ್ಕೂ ಚಿಕ್ಕ ಗಾಲಿಗಳ 'ಟ್ರಾನ್ಸ್‌ಪೋರ್ಟ್ ಚೇರ್' ಒಂದಿದೆ, ಎಂಟೊಂಬತ್ತು ಕಿಲೋ ತೂಗುತ್ತದೆ, ಆದರೆ ಕೂತವರು ತಾವಾಗಿ ಒಂದಿಂಚೂ ಚಲಿಸಲಾರರು. ಹಿಂದೆ 24 ಇಂಚಿನ ದೊಡ್ಡ ಗಾಲಿಯಿರುವುದು ಇನ್ನೊಂದು, ಕೈಯಿಂದ ತಿರುಗಿಸಿಕೊಂಡು ಹೋಗಬಹುದು, ಆದರೆ ಹದಿನಾರು ಕಿಲೋದ ಆಸುಪಾಸು. ಸೀಟು 18 ಇಂಚಿದ್ದರೆ ಗಾಲಿ ಸೇರಿ ಅಗಲ 26 ಇಂಚಾಗುತ್ತದೆ, ನಮ್ಮ ಬಚ್ಚಲುಮನೆಯ ಬಾಗಿಲು 24. ಭಾವ ಚಿಕ್ಕ ಗಾಲಿ ಎಂದರು. ಎತ್ತಿಹಾಕಬೇಕಾದವನು ನಾನಾದ್ದರಿಂದ ನಾನೂ ಚಿಕ್ಕ ಗಾಲಿಯೇ ಎಂದೆ. ಅಕ್ಕ ಕಪ್ಪು ಬಣ್ಣ ಬೇಡ ಎಂದಳು. ಬೆಂಗಳೂರಿನ ತಮ್ಮ ಮಾತ್ರ, "ಅಣ್ಣಾ, ಇಲ್ಲಿ ಅದರ ಅರ್ಧಕ್ಕೆ ಸಿಗತ್ತೆ" ಎಂದು ವಾಟ್ಸ್ಯಾಪಿನಲ್ಲಿ ಹಾಕಿದ. ಈ ಅರ್ಧಕ್ಕೆ ಸಿಗತ್ತೆ ಎನ್ನುವ ಜನಕ್ಕೆ ಏನು ಹೇಳುವುದು? ನಾನೇನು ರಾತ್ರಿ ವಿಮಾನ ಹತ್ತಿ ಜಯನಗರಕ್ಕೆ ಹೋಗಿ ತರಲೇ? ಇಷ್ಟೆಲ್ಲ ಚರ್ಚೆ ನಡೆಯುವಾಗ ಅಮ್ಮ ಸೋಫಾದಲ್ಲಿ ಕೂತು ಧಾರಾವಾಹಿ ನೋಡುತ್ತಿದ್ದಳು. ನಡುವೆ ಒಮ್ಮೆ, ವಾಲ್ಯೂಮ್ ಜಾಸ್ತಿ ಮಾಡಿದಳು.

ಶನಿವಾರ ಅಂಗಡಿಗೆ ಹೋದೆವು. "ನೀನು ನೋಡ್ಕೊಂಡು ಬಾ, ನಾನು ಇಲ್ಲೇ ಕೂತಿರ್ತೀನಿ" ಎಂದು ಅಮ್ಮ ಕಾರಿನಲ್ಲೇ ಉಳಿದಳು. ಅಂಗಡಿಯ ಹುಡುಗ ಒಳ್ಳೆಯವನು. ಡ್ರೈವಿಂಗ್ ಲೈಸೆನ್ಸ್ ಇಲ್ಲಿ ಕೊಟ್ಟು ಯಾವುದನ್ನು ಬೇಕಾದರೂ ಹೊರಗೆ ಒಯ್ದು ಡಿಕ್ಕಿಗೆ ಹಿಡಿಸುತ್ತದೋ ನೋಡಿ ಎಂದ. ಕೊಳ್ಳಬೇಕಾದದ್ದು ಚಿಕ್ಕ ಗಾಲಿಯದು. ಆದರೆ ದೊಡ್ಡ ಗಾಲಿಯದನ್ನು ಕಂಡರೆ ಯಾವ ಗಂಡಸಿನ ಕೈ ಸುಮ್ಮನಿರುತ್ತದೆ? ಒಂದು ಸಲ ಕೂತು ನೋಡಿದೆ. ಹಾಯಾಗಿತ್ತು. ಊರುಗೋಲುಗಳ ಸಾಲಿನಲ್ಲಿ ಒಂದು ಸುತ್ತು, ಬೆಡ್‌ಪ್ಯಾನ್‌ಗಳ ಸಾಲಿನಲ್ಲಿ ರಿವರ್ಸು. ಇದರಲ್ಲೇ ಕಾರಿನ ತನಕ ಹೋದರಾಯಿತು, ಎದ್ದು ತಳ್ಳುವ ಶ್ರಮ ಯಾಕೆಂದು ಬಾಗಿಲ ಕಡೆ ತಿರುಗಿಸಿದೆ.

ಬಾಗಿಲನ್ನು ಆಗಲೇ ಯಾರೋ ತೆರೆದು ಹಿಡಿದಿದ್ದರು. ಎತ್ತರದ ಮುದುಕ, ತಲೆಗೆ ಬೇಸ್‌ಬಾಲ್ ಟೋಪಿ, ಎಪ್ಪತ್ತೈದಂತೂ ದಾಟಿರಬೇಕು. ನನ್ನನ್ನು ನೋಡಿ ಟೋಪಿ ತೆಗೆದರು.

ಈ ಘಳಿಗೆಯಲ್ಲಿ ಎದ್ದು ನಿಂತರೆ ಏನಾಗುತ್ತದೆಂದು ನಾನು ಲೆಕ್ಕ ಹಾಕಿದೆ. ಒಂದೋ ಅವರು ಅಲ್ಲೇ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಾರೆ, ಇಲ್ಲವೇ ನನ್ನನ್ನು ಮೋಸಗಾರ ಎನ್ನುತ್ತಾರೆ. ಓಹೇರ್‌ನ ಪವಾಡ ತೋರಿಸಲು ನನ್ನ ತೊಡೆಯ ಮೇಲೆ ಚಟ್ನಿಪುಡಿಯೂ ಇರಲಿಲ್ಲ. "ಥ್ಯಾಂಕ್ಯೂ" ಎಂದು ಕುಂಟು ದನಿಯಲ್ಲಿ ಹೇಳಿ ಹೊಸಿಲು ದಾಟಿದೆ. ದನಿ ಯಾಕೆ ಕುಂಟಿತೋ ಗೊತ್ತಿಲ್ಲ.

ಹೊರಗೆ ಇಳಿಜಾರು. ಒಂದು ಇಂಚು ಎತ್ತರಕ್ಕೆ ಕನಿಷ್ಠ ಒಂದು ಅಡಿ ಉದ್ದವಿರಬೇಕು ಎಂಬುದು ಈ ದೇಶದ ನಿಯಮ. ಅಂಗವಿಕಲರಿಗಾಗಿ 1990ರಲ್ಲಿ ಬಂದ ಕಾನೂನು ಇಳಿಜಾರಿನ ಓಟವನ್ನು ಹೀಗೆ ಪಳಗಿಸಿಟ್ಟಿದೆ. ಪಳಗದವನು ನಾನು. ಕುರ್ಚಿ ಓಡತೊಡಗಿತು, ಬ್ರೇಕು ಯಾವ ಕಡೆಗಿದೆಯೆಂದು ನಾನು ಹುಡುಕುವಷ್ಟರಲ್ಲಿ ಮುದುಕರು ಹಿಂದಿನಿಂದ ಹಿಡಿ ಹಿಡಿದರು.

"ಹೊಸದೇ?" ಎಂದು ಕೇಳಿದರು.

"ಹೌದು, ಇವತ್ತೇ" ಎಂದೆ ನಾನು, ಕುರ್ಚಿಯ ವಿಚಾರವಾಗಿ.

ಅವರು ಕೇಳಿದ್ದು ಕಾಲಿನ ವಿಚಾರ. ನನ್ನ ಭುಜ ಒತ್ತಿ, "ಅಭ್ಯಾಸವಾಗುತ್ತದೆ" ಎಂದರು.

ನನ್ನ ಕಾರು ನಿಂತಿದ್ದು ಪಾರ್ಕಿಂಗಿನ ಆ ತುದಿಗೆ. ಅಂಗವಿಕಲರ ನೀಲಿ ಗುರುತಿನ ಜಾಗದಲ್ಲಿ ನಿಲ್ಲಿಸಲು ಬಿಡದೆ ಯಾರು ಅಡ್ಡ ಬಂದರು ಎಂದು ಅವರು ದಾರಿಯುದ್ದಕ್ಕೂ ಸಿಟ್ಟಾದರು. ಅಲ್ಲಿದ್ದ ಕೆಂಪು ಟ್ರಕ್ಕೊಂದನ್ನು ನನ್ನ ಪರವಾಗಿ ಬೈದರು. ನಾನೂ ತಲೆಯಾಡಿಸಿದೆ. ನ್ಯಾಯ ನಮ್ಮ ಕಡೆಗಿದೆ ಅನ್ನಿಸತೊಡಗಿತ್ತು.

ಅಮ್ಮ ಕಿಟಕಿಯಿಂದ ನೋಡಿದಳು.

"ಅಯ್ಯೋ ಏನಾಯ್ತೋ! ಈಗ ತಾನೇ ನಡ್ಕೊಂಡು ಹೋದ್ಯಲ್ಲೋ!"

"ಅಮ್ಮಾ, ಸುಮ್ನಿರು, ಆಮೇಲೆ ಹೇಳ್ತೀನಿ" ಎಂದೆ, ಮುಖದಲ್ಲಿ ನಗು ತಂದುಕೊಂಡು.

"ತಾಯಿಗೆ ತುಂಬಾ ಸಂಕಟವಾಗಿದೆ" ಎಂದರು ಮುದುಕರು. ಹೌದೆಂದೆ.

"ಎದ್ದೇಳೋ ಕತ್ತೆ! ಆ ಯಜಮಾನರ ಕೈಲಿ ತಳ್ಳಿಸ್ಕೊಂಡು ಬರ್ತಿದೀಯಲ್ಲ, ನಾಚಿಕೆ ಆಗಲ್ವಾ?"

ಅವರು ಅಮ್ಮನ ಕಡೆ ತಿರುಗಿ, ದೇವರು ನಿಮಗೆ ಶಕ್ತಿ ಕೊಡಲಿ ಎಂದರು. ಅಮ್ಮ ಕೈಮುಗಿದಳು. ನನ್ನನ್ನು ದುರುಗುಟ್ಟಿಕೊಂಡೇ ಮುಗಿದಳು.

ಮುಂದಿನದನ್ನು ಅವರು ಪಳಗಿದ ಕೈಯಿಂದ ಮಾಡಿದರು. ಎರಡೂ ಗಾಲಿಗಳ ಬ್ರೇಕು ಹಾಕಿದರು, ಪಾದದ ಹಲಗೆ ಮಡಚಿದರು, ನನ್ನ ಒಂದು ಕೈಯನ್ನು ಕಾರಿನ ಬಾಗಿಲಿಗೂ ಇನ್ನೊಂದನ್ನು ತಮ್ಮ ಕುತ್ತಿಗೆಗೂ ಕೊಟ್ಟು, ಎಣಿಸಿ ಎತ್ತಿ ಡ್ರೈವರ್ ಸೀಟಿನಲ್ಲಿ ಇಳಿಸಿದರು. ಬಲವಿಲ್ಲದ ಕಾಲು ಹೇಗಿರುತ್ತದೆ? ಕಾಲೇಜು ನಾಟಕದಲ್ಲಿ ನನಗೆ ಸಿಕ್ಕಿದ್ದು ದ್ವಾರಪಾಲಕನ ಪಾತ್ರ, ನಿಲ್ಲುವುದೇ ಕೆಲಸ. ಆದಷ್ಟು ಜೋಲುಬಿಟ್ಟೆ. ಅವರು ಒಂದೊಂದೇ ಕಾಲನ್ನು ಎತ್ತಿ ಒಳಗಿಟ್ಟರು. ಬಲಗಾಲು ಅಭ್ಯಾಸಬಲದಿಂದ ತಾನೇ ಸರಿದು ಬ್ರೇಕಿನ ಮೇಲೆ ಕೂತುಬಿಟ್ಟಿತು. ಅವರು ಬಗ್ಗಿ ಪೆಡಲುಗಳನ್ನು ನೋಡಿದರು.

"ಕೈಯಿಂದ ಓಡಿಸುವ ಲಿವರ್ ಹಾಕಿಸಿಲ್ಲವೇ?"

"ಮುಂದಿನ ವಾರ" ಎಂದೆ.

ಆಮೇಲೆ ಕುರ್ಚಿ. ಕಾಲಿಡುವ ಎರಡು ಕಂಬಿಗಳನ್ನು ಪಕ್ಕಕ್ಕೆ ತಿರುಗಿಸಿ ಕಳಚಿದರು, ಸೀಟಿನ ನಡುಭಾಗ ಹಿಡಿದು ಮೇಲಕ್ಕೆಳೆದರು, ಮಡಚಿತು, ಮಂಡಿಯ ಆಸರೆ ಕೊಟ್ಟು ಎತ್ತಿ ಡಿಕ್ಕಿಯಲ್ಲಿ ಇಳಿಸಿದರು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಭಾವನ ಮಿಲಿಮೀಟರುಗಳಾವುವೂ ಬೇಕಾಗಲಿಲ್ಲ.

"ಎಷ್ಟು ಬೇಗ ಮಡಚಿದಿರಿ!" ಎಂದೆ.

"ಹೆಂಡತಿಗಾಗಿ ಹದಿನಾಲ್ಕು ವರ್ಷ ಮಡಚಿದ್ದೇನೆ" ಎಂದರು. "ಅವಳ ಕುರ್ಚಿ ಈಗ ಸುಮ್ಮನೆ ನಿಂತಿದೆ. ಯಾರಿಗಾದರೂ ಕೊಡಬಹುದೇ ಎಂದು ಕೇಳಿಕೊಂಡು ಹೋಗಲು ಬಂದೆ."

ಎದ್ದು ನಿಂತು ನಿಜ ಹೇಳುವ ಕಾಲ ಅಲ್ಲಿಗೆ ಮೀರಿತ್ತು. ಹೇಳಿದ್ದರೆ ಅವರಿಗೇನೂ ಉಪಕಾರವಾಗುತ್ತಿರಲಿಲ್ಲ ಎಂದು ನಾನು ಇವತ್ತಿಗೂ ಹೆಂಡತಿಯ ಹತ್ತಿರ ವಾದಿಸುತ್ತೇನೆ, ಇವತ್ತಿಗೂ ಸೋಲುತ್ತೇನೆ. ನಾನು ಕ್ಷೇಮವಾಗಿ ಹೊರಡುವುದನ್ನು ನೋಡಲು ಅವರು ಕೈಯೆತ್ತಿ ನಿಂತೇ ಇದ್ದರು. ಬೇರೆ ದಾರಿಯಿಲ್ಲ, ಹೊರಟೆ. ದುಡ್ಡು ಕೊಡದ ಕುರ್ಚಿ ಡಿಕ್ಕಿಯಲ್ಲಿ, ಲೈಸೆನ್ಸು ಅಂಗಡಿಯಲ್ಲಿ, ಅಮ್ಮ ಪಕ್ಕದಲ್ಲಿ. ಮುಂದಿನ ಸಿಗ್ನಲ್ಲಿನ ಹತ್ತಿರ ಅಮ್ಮನಿಗೆ ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ.

"ಕೂರೋಳು ನಾನು. ನೀನ್ಯಾಕೋ ಕೂತು ನೋಡ್ದೆ?" ಎಂದಳು.

ಅವರು ಹೋದರೆಂದು ಖಾತ್ರಿಯಾಗುವವರೆಗೆ ಬಡಾವಣೆಯಲ್ಲಿ ಸುತ್ತು ಹಾಕಿ, ಅಂಗಡಿಗೆ ವಾಪಸಾದೆವು. ಈ ಸಲ ಅಮ್ಮ ನನ್ನ ತೋಳು ಹಿಡಿದು ಒಳಗೆ ಬಂದು ಒಂದೊಂದರಲ್ಲೂ ಕೂತಳು. ಚಿಕ್ಕ ಗಾಲಿಯದು ಕೂತ ಕೂಡಲೇ ಫೇಲಾಯಿತು. "ಇದರಲ್ಲಿ ನೀವು ನಿಲ್ಲಿಸಿದ ಕಡೆ ನಾನಿರಬೇಕು" ಎಂದಳು. ದೊಡ್ಡ ಗಾಲಿಯದರಲ್ಲಿ ಕಡ್ಡಿಗಳಿದ್ದದ್ದನ್ನು ಬಿಟ್ಟು, ಅಚ್ಚುಹೊಯ್ದ ಗಾಲಿಯದನ್ನು ಹಿಡಿದಳು. ಪಕ್ಕದಲ್ಲಿ ಬಟ್ಟೆ ತಡೆಯುವ ತಗಡು ಇದೆಯೇ ಎಂದು ಕೈಯಾಡಿಸಿ ನೋಡಿದಳು. ಸೆರಗು ಸಿಕ್ಕಿಕೊಂಡರೆ ಗತಿಯೇನು? ಭಾವನ ಅಷ್ಟೊಂದು ಕಾಲಮ್ಮುಗಳಲ್ಲಿ ಸೀರೆಗೆ ಒಂದು ಕಾಲಂ ಇರಲಿಲ್ಲ. ಜೋಲುವ ರೆಕ್ಸಿನ್ ಸೀಟನ್ನು ಬೆರಳಿನಿಂದ ಒತ್ತಿ, ಇದರ ಮೇಲೆ ಮೆತ್ತೆ ಬೇಕು ಎಂದಳು. ಬಚ್ಚಲುಮನೆ ಬಾಗಿಲು ಎಂದೆ. "ಅಷ್ಟು ದೂರಕ್ಕೂ ಗಾಡಿ ಯಾಕೋ, ನಡ್ಕೊಂಡು ಹೋಗ್ತೀನಿ." ಹದಿನಾರು ಕಿಲೋ ಎಂದೆ. "ಎತ್ತೋನು ನೀನು ತಾನೇ" ಎಂದಳು.

ಲೆಮಾಂಟ್‌ಗೆ ಹೋಗುವ ಮುನ್ನ ಗಾಲಿಗಳಿಗೆ ಪೈಪಿನಲ್ಲಿ ನೀರು ಬಿಟ್ಟು ಮಡಿ ಮಾಡಿಸಿದಳು. ಆಮೇಲಿನ ವಾರ ನೋವೈಗೆ. ಶಿಕಾಗೊದಿಂದ ಡೆಟ್ರಾಯಿಟ್‌ಗೆ ಐ-94 ಹೆದ್ದಾರಿಯಲ್ಲಿ ಸುಮಾರು 280 ಮೈಲಿ. ಇಂಡಿಯಾನಾ ದಾಟಿ ಮಿಶಿಗನ್ ಗಡಿಯೊಳಗೆ ಬಂದರೆ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತದೆ, ಭಾವ ಊಟಕ್ಕೆ ತಡವಾಯಿತೆಂದು ಫೋನು ಮಾಡುತ್ತಾರೆ. ಹೆಚ್ಚುಕಡಿಮೆ ಅರ್ಧದಾರಿಗೆ ಕಲಮಜೂ ಪೇಟೆ. ಕಾಫಿಗೆಂದು ಅಲ್ಲಿ ಇಳಿದೆವು. ಯುದ್ಧದಿಂದ ಅಂಗವಿಕಲನಾಗಿ ಮರಳಿದ ಜ್ಯಾಕ್ ಫಿಶರ್ ಎಂಬ ವಕೀಲ 1945ರಲ್ಲಿ ನಗರಸಭೆಗೆ ಗಂಟುಬಿದ್ದು, ಫುಟ್‌ಪಾತಿನ ಮೂಲೆಗಳನ್ನು ಕಡಿಸಿ ರಸ್ತೆಗೆ ಇಳಿಜಾರು ಮಾಡಿಸಿದ್ದು ಇದೇ ಊರಿನ ಪೇಟೆಯಲ್ಲಿ. 1990ರ ಆ ಕಾನೂನು ಬರುವುದಕ್ಕೆ ನಾಲ್ಕೂವರೆ ದಶಕ ಮೊದಲು. ಅಮ್ಮನ ಗಾಲಿ ಅಂಥ ಒಂದು ಮೂಲೆಯಲ್ಲಿ ಸದ್ದಿಲ್ಲದೆ ಇಳಿದು ಹತ್ತಿತು. "ನಮ್ಮೂರಲ್ಲಿ ಫುಟ್‌ಪಾತ್ ಹತ್ತಕ್ಕೆ ಮಂಡಿ ಗಟ್ಟಿ ಇರೋರಿಗೂ ಏಣಿ ಬೇಕು" ಎಂದಳು. ವಾಪಸು ಹೋಗುವಾಗ ಕುರ್ಚಿ ತೆಗೆದುಕೊಂಡು ಹೋಗಮ್ಮ ಎಂದೆ. "ಎಲ್ಲಿ ಬಿಡ್ಲಿ ಇದನ್ನ? ಹಾಲ್‌ನಲ್ಲಾ?" ನಮ್ಮಲ್ಲೂ ಅಂಗವಿಕಲರ ಹಕ್ಕುಗಳಿಗೆಂದು 2016ರ ಕಾಯ್ದೆಯಿದೆ, ಅಮ್ಮನ ಬೀದಿಯ ಕಲ್ಲುಚಪ್ಪಡಿಗಳು ಅದನ್ನು ಓದಿಕೊಂಡಿಲ್ಲ. ಆ ಬೀದಿಯಲ್ಲಿ ಮಂಡಿ ಸವೆದವರು ಇನ್ನೂ ಎಷ್ಟು ಜನವಿದ್ದಾರೋ, ಅವರು ಹೊರಗೆ ಬಾರದಿರುವುದರಿಂದ ಇಲ್ಲವೆಂದೇ ನಾವು ತಿಳಿದಿದ್ದೇವೆ.

ಡಿಯರ್‌ಬಾರ್ನ್‌ನಲ್ಲಿ ಭಾವ ಟಿಕೆಟ್ ತೆಗೆದವರೇ ನಮ್ಮನ್ನು ಮಾಡೆಲ್-ಟಿ ಕಾರಿನ ಮುಂದೆ ನಿಲ್ಲಿಸಿಕೊಂಡು ಅದರ ಸ್ಪ್ರಿಂಗುಗಳ ಬಗ್ಗೆ ಶುರುಮಾಡಿದರು. ಮುಗಿಯುವ ಲಕ್ಷಣ ಕಾಣಲಿಲ್ಲ. ಉಸಿರು ತೆಗೆದುಕೊಳ್ಳಲು ಅವರು ನಿಂತಾಗ ತಿರುಗಿ ನೋಡಿದರೆ ಅಮ್ಮನೂ ಇಲ್ಲ, ಕುರ್ಚಿಯೂ ಇಲ್ಲ. ಚಿಕ್ಕ ಗಾಲಿಯದಾಗಿದ್ದರೆ ಈ ಪ್ರಮೇಯವೇ ಬರುತ್ತಿರಲಿಲ್ಲ ಎಂದು ಭಾವ ಓಡುತ್ತಲೇ ನನಗೆ ಬೈದರು. ರೋಸಾ ಪಾರ್ಕ್ಸ್ ಕೂತಿದ್ದ ಬಸ್ಸಿನೊಳಗೆ ನೋಡಿದೆವು, ಇಲ್ಲ. ರೈಲು ಎಂಜಿನ್ನಿನ ಹಿಂದೆ, ಇಲ್ಲ. ಕೊನೆಗೆ ಸಿಕ್ಕಿದ್ದು ಲಿಂಕನ್ನರ ತೂಗುಕುರ್ಚಿಯ ಹತ್ತಿರ. 1865ರಲ್ಲಿ ನಾಟಕ ನೋಡುತ್ತಾ ಗುಂಡೇಟು ತಿಂದಾಗ ಅವರು ಕೂತಿದ್ದ ಕೆಂಪು ಕುರ್ಚಿ ಅದು, ಹೆನ್ರಿ ಫೋರ್ಡ್ 1929ರ ಹರಾಜಿನಲ್ಲಿ ಕೊಂಡು ತಂದದ್ದು. ಗಾಜಿನ ಪೆಟ್ಟಿಗೆಗೆ ಬೆನ್ನು ತಿರುಗಿಸಿಕೊಂಡು ಅಮ್ಮ ಕೂತಿದ್ದಳು. ಎದುರಿಗೆ ಇನ್ನೊಂದು ವೀಲ್‌ಚೇರಿನಲ್ಲಿ ಒಬ್ಬ ಅಮೆರಿಕನ್ ಅಜ್ಜಿ. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಮಾತಂತೂ ನಡೆದೇ ಇತ್ತು. ಅಮ್ಮ ಮುಂದಕ್ಕೆ ಬಾಗಿ ಆಕೆಯ ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಆಕೆ ಅಮ್ಮನ ಸೀರೆಯಂಚನ್ನು ಹಿಡಿದುಕೊಂಡಿದ್ದಳು.

"ಬಂದ್ಯಾ? ಇದರ ಮುಂದೆ ನಮ್ಮದು ಬರೀ ಹಲಗೆ ಕಣೋ. ಎಲ್ಲಿ ತಗೊಂಡ್ರು ಕೇಳು. ಹಾಗೇ ಎಷ್ಟು ಕೊಟ್ರು ಅಂತಾನೂ ಕೇಳು."

ಕೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ನೆಲಕ್ಕೆ ಮಂಡಿಯೂರಿ, ಅಜ್ಜಿಯ ಅಪ್ಪಣೆ ಪಡೆದು, ಸೀಟಿನ ಕೆಳಗಿನ ಬೋಲ್ಟು ನೋಡುತ್ತಿದ್ದರು.