ಅಳಿಯಂದಿರ ಬತ್ತಿ

ಬತ್ತಿ ಹೊಸೆಯುವವರಲ್ಲಿ ಎರಡು ಪಂಗಡ. ಬೆರಳು ಜಾರಬಾರದೆಂದು ವಿಭೂತಿ ಮುಟ್ಟಿಕೊಳ್ಳುವವರದು ಒಂದು, ತುದಿಬೆರಳಿಗೆ ಹಾಲು ಸೋಕಿಸಿಕೊಳ್ಳುವವರದು ಇನ್ನೊಂದು. ಒಬ್ಬರ ಬತ್ತಿ ಕಂಡರೆ ಇನ್ನೊಬ್ಬರು ತುಟಿ ಕೊಂಕಿಸುವುದು ರೂಢಿ. ನಾನು ಹಾಲಿನ ಪಂಗಡದವಳು. ಲಕ್ಷಬತ್ತಿ ಹಿಡಿದಿದ್ದ ನಮ್ಮ ಅತ್ತೆಯವರ ಪಕ್ಕ ಕೂತು ಬೀಜ ಬಿಡಿಸಿ, ಅರಳೆ ಹಿಂಜಿ, ಎಳೆ ಎಳೆದು ಪಳಗಿದ ಕೈ ನನ್ನದು. ಧಾರವಾಡದಲ್ಲಿ ಇಂಥ ಕೈಗಳು ಓಣಿಗೆ ಹತ್ತು ಸಿಗುತ್ತವೆ, ಹಾಗಾಗಿ ಯಾರೂ ಕೇಳುವುದಿಲ್ಲ. ಕೇಳಿದವರು ಮ್ಯಾಂಚೆಸ್ಟರಿನಲ್ಲಿರುವ ನಮ್ಮ ಅಳಿಯಂದಿರು.

ಅಳಿಯಂದಿರು ಸಿಗರೇಟು ಬಿಟ್ಟು ವೇಪ್, ಅಂದರೆ ಇ-ಸಿಗರೇಟು, ಹಿಡಿದಿದ್ದಾರೆ. ಸಿಗರೇಟಿಗಿಂತ ವಾಸಿ ಎನ್ನುವುದು ಬೇರೆ, ಒಳ್ಳೆಯದು ಎನ್ನುವುದು ಬೇರೆ. ಮಗಳು ಈ ಎರಡನೆಯ ಮಾತನ್ನು ಅವರಿಗೆ ದಿನಾ ಹೇಳುತ್ತಾಳೆ, ನಾನು ಹೇಳುವುದಿಲ್ಲ. ಅತ್ತೆಯಾದವಳು ಅಳಿಯನಿಗೆ ಬುದ್ಧಿ ಹೇಳಿದರೆ ಅದು ಮಾರನೆಯ ದಿನ ಬೀಗಿತ್ತಿಯ ಕಿವಿಗೆ ಬಿದ್ದಿರುತ್ತದೆ. ಬಳಸಿ ಬಿಸಾಡುವ ವೇಪ್‌ಗಳನ್ನು ಬ್ರಿಟನ್ 2025ರ ಜೂನ್ 1ರಿಂದ ನಿಷೇಧಿಸಿತು. ಅಳಿಯಂದಿರು ಮೊದಲಿನಿಂದಲೂ ಅವನ್ನು ಕಂಡರೆ ಮೂಗು ಮುರಿಯುವವರು. ತಂತಿ ತಾವೇ ಸುತ್ತಬೇಕು, ಹತ್ತಿ ತಾವೇ ತೂರಿಸಬೇಕು, ಅಂಥ ಯಂತ್ರವೇ ಅವರಿಗೆ ಬೇಕು.

ನಾನು ಅವರ ಮನೆಗೆ ಹೋಗಿದ್ದಾಗ, ಒಂದು ಭಾನುವಾರ ಊಟದ ಮೇಜಿನ ಮೇಲೆ ಚಿಮುಟ, ಪುಟ್ಟ ಕತ್ತರಿ, ಬಿಳಿ ಹತ್ತಿಯ ಬಿಲ್ಲೆ ಹರಡಿಕೊಂಡು ಕೂತಿದ್ದರು.

"ಏನ ನಡಸೀರಿ ಅಳಿಯಂದ್ರ?"

"ಬತ್ತಿ ಹಾಕ್ತಿದೀನಿ ಅತ್ತೆ."

ನಾನು ಕುರ್ಚಿ ಎಳೆದುಕೊಂಡೆ.

ಕ್ಯಾಂಥಾಲ್ ಎಂಬ ತಂತಿ. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆಸಿ ಮಾಡಿದ್ದು. ಕರೆಂಟಿನ ಒಲೆಯೊಳಗೆ ಕೆಂಪಗೆ ಕಾಯುವುದೂ ಅದೇ ಜಾತಿಯದು. ಅದನ್ನು 3 ಮಿಲಿಮೀಟರ್ ದಪ್ಪದ ಕಡ್ಡಿಗೆ ಒತ್ತೊತ್ತಾಗಿ ಐದಾರು ಸುತ್ತು ಸುತ್ತಿ, ಕಡ್ಡಿ ಹಿರಿದು, ಎರಡು ಸ್ಕ್ರೂಗಳ ನಡುವೆ ಬಿಗಿದಿದ್ದರು. ಗುಂಡಿ ಒತ್ತಿದರೆ ಸುರುಳಿ ನಡುವಿನಿಂದ ಎರಡೂ ಕಡೆಗೆ ಸಮನಾಗಿ ಕೆಂಪೇರಬೇಕಂತೆ. ಒಂದು ಮೂಲೆ ಮಾತ್ರ ಮೊದಲು ಉರಿದರೆ ಪಿಂಗಾಣಿ ಮೂತಿಯ ಚಿಮುಟದಿಂದ ಸುರುಳಿಯನ್ನು ಮೆಲ್ಲಗೆ ಸವರಿ ಸರಿಮಾಡುವುದು. ಇಷ್ಟರವರೆಗೆ ನನ್ನದೇನೂ ತಕರಾರಿಲ್ಲ. ತಂತಿ ಗಂಡಸರ ವಿದ್ಯೆ ಇರಬಹುದು.

ಆಮೇಲೆ ಹತ್ತಿ ಬಂತು. ಜಪಾನಿನದು, ಬಿಳುಪುಗೊಳಿಸಿದ್ದಲ್ಲ ಎಂದು ಹೆಮ್ಮೆಯಿಂದ ತೋರಿಸಿದರು. ಬಿಲ್ಲೆಯ ಮೇಲಿನ, ಕೆಳಗಿನ ಒತ್ತಿದ ಪದರು ಸುಲಿದು ತೆಗೆದು, ನಡುವಿನ ಮೆತ್ತನೆಯದರಲ್ಲಿ ಎಳೆ ಹರಿದಿರುವ ದಿಕ್ಕಿಗೇ ಒಂದು ಪಟ್ಟಿ ಕತ್ತರಿಸಿ, ತುದಿಯನ್ನು ಬೆರಳಲ್ಲಿ ಹುರಿ ಮಾಡಿ ಸುರುಳಿಯೊಳಗೆ ತೂರಿಸಿ ಎಳೆದರು. ಎಳೆಯುವಾಗ ತಂತಿ ಸೊಟ್ಟಗಾಯಿತು.

"ಬಿಗಿ ಆತು," ಎಂದೆ.

ಅವರು ಕತ್ತೆತ್ತಿ ನೋಡಿದ ನೋಟದಲ್ಲಿ ಮದುವೆಯಾದಾಗಿನಿಂದ ಕಾಣದ ಗೌರವವಿತ್ತು.

ದೀಪದಲ್ಲಿ ಉರಿಯುವುದು ಬತ್ತಿಯಲ್ಲ, ಎಣ್ಣೆ. ಬತ್ತಿಯ ಕೆಲಸ ಹೊತ್ತು ತರುವುದು, ಅಷ್ಟೇ. ಎಳೆಗಳ ಸಂದಿಯಲ್ಲಿ ಎಣ್ಣೆ ತಾನಾಗಿ ಮೇಲೇರುತ್ತದೆ. ಸಂದಿಯೇ ಇಲ್ಲದಂತೆ ಹೊಸೆದರೆ ಎಣ್ಣೆ ಏರಲಾರದೆ ಬತ್ತಿ ತಾನೇ ಕರಕಾಗುತ್ತದೆ, ಸಡಿಲ ಬಿಟ್ಟರೆ ಹಣತೆಯ ಎಣ್ಣೆಯೆಲ್ಲ ಒಮ್ಮೆಗೇ ಕುಡಿದು ಹೊಗೆ ಕಾರುತ್ತದೆ. ವೇಪಿನಲ್ಲೂ ಇದೇ ಹಣೆಬರಹ. ಅಲ್ಲಿ ಎಣ್ಣೆಯ ಬದಲು ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ನಿಕೋಟಿನ್, ಒಂದಿಷ್ಟು ಮಾವಿನಹಣ್ಣಿನ ಸುಳ್ಳು ವಾಸನೆ. ದ್ರವ ಬರುತ್ತಿರುವಷ್ಟು ಹೊತ್ತು ತಂತಿಯ ಕಾವೆಲ್ಲ ಅದನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಹತ್ತಿ ಬದುಕುತ್ತದೆ. ದ್ರವ ನಿಂತಿತೋ, ಹತ್ತಿ ಸುಟ್ಟು ಗಂಟಲಿಗೆ ಬರೆ. ಡ್ರೈ ಹಿಟ್ ಎನ್ನುತ್ತಾರೆ. ಬರೀ ಕೆಟ್ಟ ರುಚಿಯಲ್ಲ, ಅತಿಯಾಗಿ ಕಾದರೆ ಫಾರ್ಮಾಲ್ಡಿಹೈಡಿನಂಥ ವಿಷವೂ ಹುಟ್ಟುತ್ತದೆ. ಹತ್ತಿ ಕಡಿಮೆಯಾದರೆ ಯಂತ್ರದ ಬುಡದಿಂದ ದ್ರವ ಸೋರಿ ಷರ್ಟಿನ ಜೇಬಿಗೆ ಇಳಿಯುತ್ತದೆ. ಆ ಕಲೆಯನ್ನು ತೊಳೆಯುವವಳು ನನ್ನ ಮಗಳು.

ಇನ್ನೊಂದು ಪಟ್ಟಿ ಕತ್ತರಿಸಿ ನಾನೇ ಎಳೆದೆ. ಹತ್ತಿ ಸರಿಯುವಾಗ ಬೆರಳಿಗೆ ತುಸು ತಡೆ ಸಿಗಬೇಕು, ತಂತಿ ಮಾತ್ರ ಅಲುಗಬಾರದು. ಎರಡು ಕಡೆಯ ಬಾಲ ಕತ್ತರಿಸಿ, ಸೂಜಿಯಿಂದ ಬಾಚಿ ತೆಳುಮಾಡಿ, ಗುಳಿಯೊಳಗೆ ತುರುಕದೆ ಮುಟ್ಟಿದಂತೆ ಮಾತ್ರ ಕೂರಿಸಿದೆ. ಅವರು ಹನಿ ಹನಿಯಾಗಿ ದ್ರವ ಬಿಟ್ಟು, ಪೂರ್ತಿ ನೆಂದಮೇಲೆ ಎಳೆದು, ಕಿಟಕಿಯಾಚೆ ಮೋಡ ಬಿಟ್ಟರು. "ಅತ್ತೆ, ಸಖತ್ತಾಗಿದೆ!" ಎಂದರು. ಮಗಳು ಅಡುಗೆಮನೆಯಿಂದ, "ಅವ್ವಾ, ನೀನೂ?" ಎಂದಳು.

ಬುದ್ಧಿವಂತಿಕೆ ಹೆಚ್ಚಾದದ್ದು ಆಮೇಲೆ. ನಾನು ದೇವರ ದೀಪಕ್ಕೆಂದು ಊರಿನಿಂದ ಒಂದು ಚೀಲ ಅರಳೆ ಒಯ್ದಿದ್ದೆ. ಜಪಾನಿನದೇಕೆ, ಧಾರವಾಡದ್ದೇ ಹಾಕೋಣ ಎಂದರು ಅಳಿಯಂದಿರು. ಮ್ಯಾಂಚೆಸ್ಟರಿಗೆ ಧಾರವಾಡದ ಹತ್ತಿ ಹೊಸತೇನೂ ಅಲ್ಲ. 1861ರಿಂದ 1865ರವರೆಗೆ ಅಮೆರಿಕದ ಒಳಯುದ್ಧದಿಂದ ಅಲ್ಲಿಯ ಹತ್ತಿ ನಿಂತು ಮ್ಯಾಂಚೆಸ್ಟರಿನ ಗಿರಣಿಗಳು ಹಸಿದಾಗ, ನಮ್ಮ ಎರೆಹೊಲಗಳ ಕಡೆಗೂ ಅವುಗಳ ಕಣ್ಣು ಬಿದ್ದಿತ್ತು. ಮ್ಯಾಂಚೆಸ್ಟರ್ ಹತ್ತಿರದ ಕ್ವಾರಿ ಬ್ಯಾಂಕ್ ಎಂಬ 1784ರ ಗಿರಣಿಯಲ್ಲಿ ಹಳೆಯ ಯಂತ್ರ ಓಡಿಸಿ ತೋರಿಸುತ್ತಾರೆ. ನಾವು ಹೋದಾಗ ಹಿಂಜುವ ಯಂತ್ರವನ್ನು ಜನ ಬಾಯಿಬಿಟ್ಟು ನೋಡುತ್ತಿದ್ದರು. ನಾನು ನೋಡಿದ್ದು ಹತ್ತಿಯನ್ನು. ಚಲೋ ಇತ್ತು.

ಆದರೆ ಹೊಲದಿಂದ ಬಂದ ಹತ್ತಿಯ ಎಳೆಗೆ ಮೇಣದ ತೆಳು ಪೊರೆ ಇರುತ್ತದೆ. ಬೋಗುಣಿ ನೀರಿಗೆ ಚಿಟಿಕೆ ಅರಳೆ ಹಾಕಿ ತೋರಿಸಿದೆ, ನೆನೆಯದೆ ತೇಲುತ್ತ ಕೂತಿತು. ಪಕ್ಕದಲ್ಲಿ ಹಾಕಿದ ಔಷಧಿ ಅಂಗಡಿಯ ಹತ್ತಿ ಕ್ಷಣದಲ್ಲಿ ಮುಳುಗಿತು. ಎಣ್ಣೆ ತುಪ್ಪಕ್ಕೆ ಮೇಣ ಅಡ್ಡಿಯಲ್ಲ. ನೀರಿನೊಂದಿಗೆ ಬೆರೆಯುವ ಆ ಗ್ಲಿಸರಿನ್ ಪಾಕಕ್ಕೆ ಅಡ್ಡಿಯೇ. ಔಷಧಿ ಅಂಗಡಿಯದನ್ನು ಕ್ಷಾರದಲ್ಲಿ ಕುದಿಸಿ ಮೇಣ ಕಳೆದಿರುತ್ತಾರೆ.

"ನಾವೂ ಕುದಿಸೋಣ," ಎಂದರು ಅಳಿಯಂದಿರು. ವಾಷಿಂಗ್ ಸೋಡಾ ತಂದು ಮಗಳ ಪಾಸ್ತಾ ಪಾತ್ರೆಯಲ್ಲಿ ಅರಳೆ ಕುದಿಸಿದರು. ನೀರು ತಿರುಗಿ ತಿರುಗಿ ಹಳದಿಯಾಯಿತು, ಮನೆಯೆಲ್ಲ ಅಗಸರ ಭಟ್ಟಿಯ ವಾಸನೆ. ಜಾಲಿಸಿ ಜಾಲಿಸಿ ರೇಡಿಯೇಟರ್ ಮೇಲೆ ಒಣಗಿಸಿದಾಗ ಸಿಕ್ಕಿದ್ದು ಗಂಟುಗಂಟಾದ ಒಂದು ಮುದ್ದೆ. ಅದನ್ನು ಹಿಂಜುವ ಕೆಲಸ ಯಾರ ಪಾಲಿಗೆ ಬಂತೆಂದು ಬೇರೆ ಹೇಳಬೇಕಿಲ್ಲ. ನೀರಿಗೆ ಹಾಕಿದರೆ ಮುಳುಗಿತು, ಯಂತ್ರಕ್ಕೆ ಹಾಕಿದರೆ ನಡೆಯಿತು. ರುಚಿ ಹೇಗಿದೆ ಎಂದು ಕೇಳಿದೆ. ಅಳಿಯಂದಿರು ಬಹಳ ಹೊತ್ತು ಯೋಚಿಸಿ, "ಗಿಡದ ಹತ್ತಿರ ನಿಂತ ಹಾಗಿದೆ," ಎಂದರು. ಪಾತ್ರೆಯನ್ನು ಮಗಳು ಮತ್ತೆ ಒಲೆಗೆ ಏರಿಸಲಿಲ್ಲ.

ಅಳಿಯಂದಿರು ದೀಪಾವಳಿಗೆ ಧಾರವಾಡಕ್ಕೆ ಬಂದಾಗ ಯಂತ್ರವನ್ನು ಅಲ್ಲಿಯೇ ಬಿಟ್ಟು ಬಂದಿದ್ದರು, ಪುಣ್ಯ. ನಮ್ಮಲ್ಲಿ 2019ರ ಕಾನೂನಿನ ಪ್ರಕಾರ ಅದನ್ನು ತಯಾರಿಸುವುದು, ತರಿಸುವುದು, ಮಾರುವುದು ಎಲ್ಲ ಅಪರಾಧ. ಬದಲಿಗೆ ನನಗೆಂದು ಜಪಾನಿನ ಹತ್ತಿಯ ಒಂದು ಪೊಟ್ಟಣ ತಂದಿದ್ದರು. ಹೂಬತ್ತಿ ಮಾಡಿ ತುಪ್ಪದಲ್ಲಿ ಅದ್ದಿಟ್ಟೆ, ಸೊಗಸಾಗಿಯೇ ಉರಿದವು. ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯ ಶಾಂತಕ್ಕ, ಅಂದರೆ ವಿಭೂತಿ ಪಂಗಡದವರು, ಒಂದು ಬತ್ತಿ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಇದು ಜಪಾನಿನದು, ಇಂಗ್ಲೆಂಡಿನಿಂದ ಬಂದದ್ದು ಎಂದು ಹೇಳಿ ಬೆಲೆಯನ್ನೂ ಹೇಳಿದೆ.

"ಇಷ್ಟ ರೊಕ್ಕಾ ಕೊಟ್ಟಮ್ಯಾಲೆ," ಎಂದರು ಶಾಂತಕ್ಕ, "ತಾವ ಹೊಸೆದು ಕೊಡಬೇಕಿತ್ತ ನೋಡ್ರಿ."