ಹಡಗಿನಲ್ಲಿ ಬರೀ ಎಲೆ

“ಚಾರ್ಜ್ ಇರ್ಲಿಲ್ಲ ಕಣೇ.” ಈ ಒಂದು ಮಾತಿನ ಆಧಾರದ ಮೇಲೆ ನಾಡಿನಲ್ಲಿ ಎಷ್ಟು ಸಂಸಾರಗಳು ನಿಂತಿವೆಯೋ ಲೆಕ್ಕವಿಲ್ಲ. ನಮ್ಮ ಮನೆಯಲ್ಲಿ ಆ ಮಾತನ್ನು ಕೈಯಾರೆ ಕೊಂದವನು ನಾನೇ.

2013ರಲ್ಲಿ ಪೌಲಸ್ ಸ್ಕೌಟ್ಸನ್ ಎಂಬಾತ ಶುರುಮಾಡಿದ, ಮನೆಯ ಯಂತ್ರಗಳನ್ನೆಲ್ಲ ಒಂದೇ ಕಡೆಯಿಂದ ಆಳುವ, ಕಾಸು ಕೇಳದ ತಂತ್ರಾಂಶ ಹೋಮ್ ಅಸಿಸ್ಟೆಂಟ್. ಟಿವಿ ಹಿಂದೆ ಇಸ್ಪೀಟು ಕಟ್ಟಿನಷ್ಟಗಲದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೂರಿಸಿ ಅದರೊಳಗೆ ಈ ತಂತ್ರಾಂಶ ತುಂಬಿದೆ. ಎಲ್ಲರ ಫೋನಿಗೂ ಅದರ ಆ್ಯಪ್ ಹಾಕಿದೆ. ಯಾರ ಫೋನ್ ಶೇಕಡಾ ಎಷ್ಟು, ಚಾರ್ಜಿಗಿದೆಯೋ ಇಲ್ಲವೋ, ಎಲ್ಲವೂ ಅಡುಗೆಮನೆ ಗೋಡೆಯ ಟ್ಯಾಬ್ಲೆಟ್ ಮೇಲೆ.

ಉದ್ದೇಶ ಘನವಾದದ್ದೇ. ಲಿಥಿಯಂ ಅಯಾನ್ ಬ್ಯಾಟರಿಗೆ ಕಂಠಪೂರ್ತಿ ತಿನ್ನಿಸಬಾರದು, ಉಪವಾಸವೂ ಕೆಡವಬಾರದು. 20ರಿಂದ 80ರೊಳಗಿಟ್ಟರೆ ಬಾಳಿಕೆ ಹೆಚ್ಚು. ಹಾಗಾಗಿ 80 ದಾಟಿದರೆ ಸ್ಮಾರ್ಟ್ ಪ್ಲಗ್ ತಾನೇ ಕರೆಂಟು ಕಡಿಯುತ್ತದೆ, 20ಕ್ಕಿಂತ ಇಳಿದರೆ ಹಾಲಿನ ಸ್ಪೀಕರ್ ಕೂಗುತ್ತದೆ. ಮದುವೆ ಮನೆಯಲ್ಲಿ ನನ್ನ ಹೊಟ್ಟೆಗೆ ಈ ನಿಯಮ ಅನ್ವಯಿಸುವುದಿಲ್ಲ.

ಮನೆಯಲ್ಲಿ ಸತ್ಯನಾರಾಯಣ ಪೂಜೆ. ಕಥೆಯಲ್ಲಿ, ಹಡಗಿನಲ್ಲಿ ಏನಿದೆ ಎಂದು ಸನ್ಯಾಸಿ ಕೇಳಿದರೆ, ಸಾಧು ವೈಶ್ಯ ‘ಬರೀ ಎಲೆ, ಬಳ್ಳಿ’ ಎಂದು ಸುಳ್ಳು ಹೇಳುವ ಘಟ್ಟ. ಪುರೋಹಿತರು ಉಸಿರು ತೆಗೆದುಕೊಂಡರು. ಸ್ಪೀಕರ್ ರೈಲ್ವೆ ಸ್ಟೇಷನ್ನಿನ ದನಿಯಲ್ಲಿ, “ಅಪ್ಪನ ಫೋನ್, ಶೇಕಡಾ ಹತ್ತೊಂಬತ್ತು” ಎಂದಿತು. ಓಡಿ ಚಾರ್ಜಿಗೆ ಚುಚ್ಚಿದೆ. ಪಿನ್ನು ಸಡಿಲ. ಇಪ್ಪತ್ತಕ್ಕೆ ಏರಿತು, ಮತ್ತೆ ಹತ್ತೊಂಬತ್ತಕ್ಕೆ ಜಾರಿತು. ಪ್ರತಿ ಜಾರಿಕೆಗೂ ಒಂದೊಂದು ಘೋಷಣೆ. ಮೂರನೆಯದಕ್ಕೆ ಹಿಂದಿನ ಸಾಲಿನಿಂದ ಯಾರೋ ಗಂಟೆ ಬಾರಿಸಿದರು.

ಮರುವಾರ ಗೆಳೆಯರ ಜತೆ ಕೂತು ತಡವಾಯಿತು. ಹತ್ತೂವರೆಗೆ ಮನೆಗೆ ಬಂದು, ಚಪ್ಪಲಿ ಬಿಡುತ್ತಲೇ ಹಳೆಯ ಮಂತ್ರ ಹೇಳಿದೆ. ಹೆಂಡತಿ ಮಾತಾಡಲಿಲ್ಲ, ಟ್ಯಾಬ್ಲೆಟ್ ಮೇಲೆ ಬೆರಳಿಟ್ಟಳು. ಗೆರೆ ಸ್ಪಷ್ಟವಾಗಿತ್ತು: 7.40ಕ್ಕೆ ಶೇಕಡಾ 62. 9.15ಕ್ಕೆ 54.

“ಹಡಗಿನಲ್ಲಿ ಬರೀ ಎಲೆನಾ?” ಎಂದಳು.

ಗೂಢಚಾರನಿಗೆ ಸಂಬಳ ಕೊಟ್ಟು ಸಾಕಿ, ಮೊದಲ ವರದಿ ತನ್ನ ಮೇಲೇ ಬಂದಾಗ ರಾಜನಿಗೆ ಏನಾಗುತ್ತದೋ ನನಗೂ ಅದೇ ಆಯಿತು.

ಆಗಲೇ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಮಗಳ ಫೋನ್ ಶುಕ್ರವಾರದಿಂದ ಶೇಕಡಾ 11ರಲ್ಲೇ ನಿಂತಿದೆ. ಆಕೆ ಮಾತ್ರ ಸೋಫಾದ ಮೇಲೆ ಅದರಲ್ಲೇ ಸಿನಿಮಾ ನೋಡುತ್ತಿದ್ದಾಳೆ! ವಿಚಾರಿಸಿದಾಗ ಗುಟ್ಟು ರಟ್ಟಾಯಿತು. ಫೋನಿನಲ್ಲಿ ಬ್ಯಾಟರಿ ಉಳಿಸುವ ಒಂದು ಸೆಟ್ಟಿಂಗ್ ಇದೆ. ಹಿನ್ನೆಲೆಯಲ್ಲಿ ಓಡುವ ಆ್ಯಪುಗಳ ಕತ್ತು ಹಿಸುಕುವುದೇ ಅದರ ಕೆಲಸ. ಬ್ಯಾಟರಿ ಎಷ್ಟಿದೆಯೆಂದು ವರದಿ ಮಾಡುವ ಆ್ಯಪನ್ನು ಬ್ಯಾಟರಿ ಉಳಿಸಲೆಂದೇ ಮಲಗಿಸಿಬಿಡುತ್ತದೆ. ಮನೆ ಪಾಪದ್ದು, ಕೊನೆಗೆ ಕೇಳಿದ ಅಂಕಿಯನ್ನೇ ಜಪಿಸುತ್ತಿರುತ್ತದೆ. ಫೋನ್ ಶೇಕಡಾ 3ಕ್ಕೆ ಬಂದು ಸತ್ತರೂ, ಮನೆಯ ಕಡತದಲ್ಲಿ ಅದಿನ್ನೂ 3ರಷ್ಟು ಜೀವಂತ. ಇಷ್ಟು ನಿಷ್ಠೆ ಪಿಂಚಣಿ ಪಟ್ಟಿಗೂ ಇಲ್ಲ.

ಮರುದಿನ ರಾತ್ರಿ ನನ್ನ ಫೋನಿನಲ್ಲೂ ಆ ಸೆಟ್ಟಿಂಗ್ ಒತ್ತಿದೆ. ಶೇಕಡಾ 9. ಇನ್ನು ಅದು ಶಾಶ್ವತ. ಮಗಳನ್ನು ಮೆಚ್ಚಿ, “ಭೇಷ್, ಇದನ್ನ ಎಲ್ಲಿ ಕಲಿತೆ?” ಎಂದೆ.

ಆಕೆ ಟ್ಯಾಬ್ಲೆಟ್ಟಿನ ಕಡೆ ತೋರಿಸಿದಳು. ಅವಳಮ್ಮನ ಫೋನ್ ಶೇಕಡಾ 14. ಗೆರೆ ಹಲಗೆಯಂತೆ ಸಪಾಟಾಗಿತ್ತು. ಬೆರಳು ಎಷ್ಟು ಹಿಂದಕ್ಕೆ ಸರಿಸಿದರೂ ಏರಿಲ್ಲ, ಇಳಿದಿಲ್ಲ.