ಟಿಕ್ ಮಾಡಿದ್ದೇನೆ, ಸ್ವಾಮಿ

ಫೋನಿನ ಲಾಕ್ ತೆಗೆಯುವ ಸಾಫ್ಟ್‌ವೇರ್ ಮಾರುವ ಮಹನೀಯರಿಗೆ,

ಎರಡು ನಿಮಿಷದ ಕೆಲಸ ಅಂದಿದ್ದಿರಿ. ಮಧ್ಯಾಹ್ನ ಊಟ ಮುಗಿಸಿ ಕೂತವಳು ದೀಪ ಹಚ್ಚುವ ಹೊತ್ತಾದರೂ ಎದ್ದಿಲ್ಲ. ರಜೆಗೆ ಬಂದಿದ್ದ ಮೈದುನನ ಮಗ ಅಜ್ಜಿಯ ಫೋನಿನ ಪ್ಯಾಟರ್ನ್ ಬದಲಿಸಿ ದಾವಣಗೆರೆಗೆ ಬಸ್ಸು ಹತ್ತಿದ. ಕೇಳಿದರೆ "ಮರ್ತೋಯ್ತು ದೊಡ್ಡಮ್ಮ" ಅಂತಾನೆ. ನಮ್ಮತ್ತೆಯ ಭಜನಾ ಮಂಡಳಿಯ ಚೀಟಿ ಲೆಕ್ಕ ಪೂರ್ತಿ ಅದರೊಳಗೆ ಫೋಟೊಗಳಾಗಿ ಕೂತಿದೆ. ಈ ತಿಂಗಳ ಚೀಟಿ ಎತ್ತಿದವರು ಯಾರು ಎಂಬುದು ಆ ಫೋನಿಗೂ ದೇವರಿಗೂ ಮಾತ್ರ ಗೊತ್ತು.

"ಒಂದು ಫೋಟೊ ಕೂಡ ಅಳಿಯುವುದಿಲ್ಲ" ಎಂದು ದೊಡ್ಡಕ್ಷರದಲ್ಲಿ ಹಾಕಿದ್ದಿರಿ. ದುಡ್ಡು ಕಟ್ಟಿದ ಮೇಲೆ ಸಣ್ಣಕ್ಷರ ಬಂತು: ಕೆಲವು ಫೋನುಗಳಲ್ಲಿ ಎಲ್ಲವೂ ಅಳಿಯಬಹುದು. ಈಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಒಳಗಿರುವುದೆಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ, ಅದನ್ನು ತೆರೆಯಲು ಆ ಪ್ಯಾಟರ್ನೇ ಬೇಕು. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೊನೆಗೆ ನೀವು ಮಾಡುವುದು ಫ್ಯಾಕ್ಟರಿ ರಿಸೆಟ್. ಪವರ್ ಬಟನ್ನು, ವಾಲ್ಯೂಮ್ ಬಟನ್ನು ಎರಡನ್ನೂ ಒತ್ತಿ ಹಿಡಿದು ನಮ್ಮ ರಸ್ತೆಯ ರಿಪೇರಿ ಹುಡುಗ ಟೀ ಆರುವುದರೊಳಗೆ ಅದನ್ನು ಮಾಡಿಕೊಡುತ್ತಾನೆ. ಅವನು ನನ್ನ ಇಮೇಲ್ ಕೇಳುವುದಿಲ್ಲ.

ಹಾಗೆ ಅಳಿಸಿದ ಫೋನು ಹಳೆಯ ಗೂಗಲ್ ಖಾತೆ ಕೇಳುತ್ತದಲ್ಲ, ಆ ಎಫ್‌ಆರ್‌ಪಿ ಎಂಬ ಬೀಗ 2015ರಲ್ಲಿ ಆಂಡ್ರಾಯ್ಡ್ 5.1ರ ಜೊತೆ ಬಂದದ್ದೇ ಕದ್ದ ಫೋನು ಕಳ್ಳನಿಗೆ ದಕ್ಕದಿರಲಿ ಅಂತ. ಅದನ್ನೂ ದಾಟಿಸುತ್ತೇವೆ ಎಂದು ಎದೆ ತಟ್ಟಿಕೊಂಡಿದ್ದೀರಿ. ಸಂತೋಷ. ಕಳ್ಳನನ್ನು ತಡೆಯಲು ನೀವು ಇಟ್ಟಿರುವ ಕಾವಲು ಒಂದು ಪುಟ್ಟ ಚೌಕ: "ಈ ಫೋನು ನನ್ನದೇ ಎಂದು ಪ್ರಮಾಣೀಕರಿಸುತ್ತೇನೆ." ಟಿಕ್ ಮಾಡಿದೆ. ಕಳ್ಳನೂ ಮಾಡುತ್ತಾನೆ, ಅವನಿಗೇನು ಬೆರಳಿಲ್ಲವೇ?

ನನಗೆ ಮಾತ್ರ ಟಿಕ್ ಸಾಲಲಿಲ್ಲ. ಇಮೇಲ್ ಕೊಡಿ, ಮೊಬೈಲ್ ನಂಬರ್ ಕೊಡಿ, ಒಟಿಪಿ ಹೇಳಿ. ಆ್ಯಂಟಿವೈರಸ್ ಆಫ್ ಮಾಡಿ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ. ಸೆಟ್ಟಿಂಗ್ಸ್ ಇರುವುದು ಲಾಕಿನ ಒಳಗೆ, ಸ್ವಾಮಿ! ಒಳಗೆ ಹೋಗಲು ಬರುತ್ತಿದ್ದರೆ ನಿಮ್ಮ ಹತ್ತಿರ ಯಾಕೆ ಬರುತ್ತಿದ್ದೆ? ಲೈಸೆನ್ಸು ಒಂದೇ ಕಂಪ್ಯೂಟರಿಗೆ, ಒಂದೇ ಫೋನಿಗೆ, ಒಂದೇ ತಿಂಗಳಿಗೆ. ಪಕ್ಕದ ಮನೆಯವರಿಗೆ ಕೊಟ್ಟರೆ ಅಪರಾಧ. ಅದಕ್ಕೂ ಟಿಕ್.

ಆಮೇಲೆ ಐಎಂಇಐ ಕೇಳಿದಿರಿ. ಡಬ್ಬಿ ಹುಡುಕಿ, ಅತ್ತೆಯ ಕನ್ನಡಕ ಹಾಕಿಕೊಂಡು, 15 ಅಂಕಿ ಟೈಪ್ ಮಾಡಿದೆ. ಅದರಲ್ಲಿ ಮೊದಲ 8 ಅಂಕಿ ನೋಡಿದರೆ ಫೋನು ಯಾವ ಮಾದರಿ ಎಂದು ಗೊತ್ತಾಗುತ್ತದೆ. ಆದರೂ ದುಡ್ಡು ಒಳಗೆ ಹೋಗಿ, ಚಕ್ರ ಗಿರಗಿರ ತಿರುಗಿ, ಕೊನೆಗೆ ನೀವು ಹೇಳಿದ್ದು: "ನಿಮ್ಮ ಮಾದರಿಗೆ ಸದ್ಯ ಬೆಂಬಲವಿಲ್ಲ."

ಹೋಗಲಿ, ದುಡ್ಡಿನ ಮಾತು ಆಮೇಲೆ. ನನ್ನ ವಿವರ ಅಳಿಸಿಬಿಡಿ ಎಂದು ಬರೆದೆ. ಉತ್ತರ ತಕ್ಷಣ ಬಂತು, ಇಡೀ ದಿನ ನೀವು ಚುರುಕಾಗಿ ಮಾಡಿದ್ದು ಅದೊಂದೇ. ಅಳಿಸಲು ಗುರುತಿನ ಚೀಟಿಯ ಎರಡೂ ಬದಿಯ ಫೋಟೊ ಬೇಕು, ಜೊತೆಗೆ ಅದನ್ನು ಮುಖದ ಪಕ್ಕ ಹಿಡಿದು ತೆಗೆದ ಸೆಲ್ಫಿ! ಫೋನು ಯಾರದು ಎಂದು ತಿಳಿಯಲು ಒಂದು ಟಿಕ್ ಸಾಕು. ನನ್ನನ್ನು ಮರೆಯಲು ಮಾತ್ರ ನನ್ನ ಮುಖ ಬೇಕು. ಇಮೇಲ್, ನಂಬರು, ಐಎಂಇಐ ನಿಮ್ಮ ಬಳಿ ಇವೆ. ಈಗ ಮುಖವನ್ನೂ ವಿಳಾಸವನ್ನೂ ಸೇರಿಸಿ ಪೂರ್ತಿ ಮಾಡಿಕೊಡಬೇಕೇ? ಕೊಡುವುದಿಲ್ಲ. ಇದು ವ್ಯಂಗ್ಯವಲ್ಲ, ಸಿಟ್ಟು.

ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ಮೇಲೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಅವರ ಮೊಕದ್ದಮೆಯಲ್ಲೇ 2017ರಲ್ಲಿ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದದ್ದು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅಳಿಸಿ ಎಂದು ಕೇಳುವ ಹಕ್ಕೂ ಅದರಲ್ಲಿದೆ. ನಿಯಮಗಳು ಹೊರಬೀಳುವಾಗ 2025ರ ನವೆಂಬರ್, ಮುಖ್ಯ ಹೊಣೆಗಳಿಗೆ ಅಲ್ಲಿಂದ ಮತ್ತೆ 18 ತಿಂಗಳ ಗಡುವು. ನಿಮ್ಮಂಥವರಿಗೆ ಸರ್ಕಾರ ಎಷ್ಟು ಸಾವಧಾನ ತೋರಿಸುತ್ತದೆ ನೋಡಿ. ವಿವರ ಕೇಳುವಾಗ ಕೊಡುವ ನೋಟಿಸನ್ನು ಕನ್ನಡದಲ್ಲೂ ಓದಲು ಅವಕಾಶವಿರಬೇಕು ಅನ್ನುತ್ತದೆ ಅದೇ ಕಾಯ್ದೆ. ನಿಮ್ಮ ಇಂಗ್ಲಿಷ್ ಪಾಲಿಸಿಯಲ್ಲಿ ನನಗೆ ಸಲೀಸಾಗಿ ಅರ್ಥವಾದದ್ದು "ನಮ್ಮ ಪಾಲುದಾರರೊಂದಿಗೆ ಹಂಚಿಕೊಳ್ಳುತ್ತೇವೆ" ಎಂಬುದಷ್ಟೇ. ನಾನು ಪಕ್ಕದ ಮನೆಗೆ ಲೈಸೆನ್ಸು ಹಂಚುವಂತಿಲ್ಲ, ನೀವು ನನ್ನನ್ನು ಊರಿಗೆಲ್ಲ ಹಂಚಬಹುದು.

ಇಷ್ಟು ಬರೆಯುವಾಗಲೇ ನಿಮ್ಮಿಂದ ಇನ್ನೊಂದು ಮೇಲ್. ನಮ್ಮ ಸೇವೆ ಹೇಗಿತ್ತು, ನಕ್ಷತ್ರ ಕೊಡಿ ಅಂತ. ಕೊಡಲು ಲಾಗಿನ್ ಆಗಬೇಕಂತೆ, ಒಟಿಪಿ ಬೇಕಂತೆ.

ಮುಂದಿನ ತಿಂಗಳ ಚಂದಾ ತಾನಾಗಿ ಕಡಿತವಾಗದಂತೆ ಬ್ಯಾಂಕಿನ ಆ್ಯಪಿನಲ್ಲಿ ನಿಲ್ಲಿಸಿದ್ದೇನೆ. ಕಟ್ಟಿದ ದುಡ್ಡು ವಾಪಸ್ ಕಳಿಸಿ. ವಿವರ ಅಳಿಸಿ, ಅಳಿಸಿದ್ದಕ್ಕೆ ಒಂದು ಸಾಲು ಬರೆದು ತಿಳಿಸಿ. ಸೆಲ್ಫಿ ಕಳಿಸುವುದಿಲ್ಲ.

ಇತಿ,
ಟಿಕ್ ಮಾಡಿ ಸುಸ್ತಾದ ಗ್ರಾಹಕಿ